ಕುಪ್ಪಸದ ಗಂಟು

"ಭಾಲ್ಕಿಯಾಂವೇನು? ಹಂಗಾದ್ರ ನಮ್ಮಾಂವನ ಆದಿ ಬಿಡು," ಅಂದಳು ಈರಮ್ಮ. ಆ ಮಾತಿಗೇ ವೈಜನಾಥ ಕರಗಬೇಕಿತ್ತು. ಕರಗಲಿಲ್ಲ. ಅವನ ತಲೆ ತುಂಬ ಪರೀಕ್ಷೆ ಕೂತಿತ್ತು.

ಅರವತ್ತೆಂಟನೇ ಇಸವಿ, ಔರಂಗಾಬಾದಿನ ಒಂದು ಧರ್ಮಾಸ್ಪತ್ರೆ. ವೈಜನಾಥ ಡಾಕ್ಟರಿಕೆ ಓದ್ತಿದ್ದ, ಮೂರನೇ ವರ್ಷ. ಈರಮ್ಮ ಆಳಂದದ ಹೆಂಗಸು, ಗಂಡನ ಜೊತೆ ವೈಜಾಪುರಕ್ಕೆ ಹತ್ತಿ ಹೊರೋಕೆ ಬಂದೋಳು. ಎದೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಮರಾಠಿ ಒಂದಕ್ಷರ ಬಾರದು. ಸರ್ಜರಿ ಕಲಿಸೋ ಸುಧಾಕರ ಸಾಹೇಬರು ಮೊದಲ ದಿನವೇ ನೋಡಿ, ಆಪರೇಷನ್ ಅಂತ ಬರೆದೂ ಆಗಿತ್ತು. ಈಗ ಕ್ಲಾಸಿನ ಹುಡುಗರಿಗೆ ಅವಳನ್ನ ತೋರಿಸಬೇಕು. ಇವಳೋ, ಎರಡು ದಿನದಿಂದ ಕುಪ್ಪಸದ ಗಂಟನ್ನ ಎರಡೂ ಕೈಲಿ ಹಿಡಕೊಂಡು ಕೂತಿದ್ದಳು.

"ಇವಳು ನಿಮ್ಮ ಕಾನಡಿ ಹೆಂಗಸು, ನೀನೇ ಸಮಜಾಯಿಸು," ಅಂದ್ರು ಸಾಹೇಬರು ವೈಜನಾಥನಿಗೆ, ಮರಾಠಿಯಲ್ಲಿ. "ಏನು ಹೇಳ್ತೀಯೋ ನಂಗೆ ಬೇಡ. ಹತ್ತಕ್ಕೆ ಅವಳು ಕ್ಲಾಸಿನಲ್ಲಿರಬೇಕು."

ಹುಡುಗರು ಕಲೀಬೇಕು, ನೀನು ಒಲ್ಲೆ ಅಂದ್ರೂ ಆಪರೇಷನ್ ನಿಲ್ಲೋದಿಲ್ಲ. ಇದ್ದ ನಿಜ ಇಷ್ಟೇ ಹೇಳಬೇಕಿತ್ತು ಈ ಪುಣ್ಯಾತ್ಮ ವೈಜನಾಥ.

"ಅವ್ವಾ, ಆ ದೊಡ್ಡ ರೂಮಿನಾಗ ತೋರಿಸಿದ್ರ ಆಪರೇಷನ್ ಮಾಡ್ತಾರ. ಇಲ್ಲಾಂದ್ರ ಮನಿಗಿ ಕಳಸ್ತಾರ," ಅಂದ.

"ಅಲ್ಲಿರೋರೆಲ್ಲಾ ಡಾಕ್ಟರೇನು?"

"ಎಲ್ಲಾರೂ ಡಾಕ್ಟರೇ."

"ನೀನೂ ಇರ್ತೀಯೇನೋ ಯಪ್ಪಾ?"

"ಇರ್ತೀನವ್ವಾ."

"ಹಂಗಾದ್ರ ಹೂಂ."

ನಲವತ್ತು ಹುಡುಗರು. ಹಿಂದಿನೋರು ಬೆಂಚು ಹತ್ತಿ ನಿಂತ್ರು. ಸಾಹೇಬರು ಕೋಲಿನಿಂದ ತೋರಿಸ್ತಾ ಪಾಠ ಮಾಡಿದ್ರು. ಯಾವನೋ ಮರಾಠಿಯಲ್ಲಿ ಪಿಸಪಿಸ ಅಂದ, ನಾಲ್ಕು ಜನ ಕಿಸಕ್ಕಂದ್ರು. ಮಾತು ತಿಳೀಲಿಲ್ಲ ಈರಮ್ಮಗೆ, ನಗು ತಿಳೀತು. ಅಷ್ಟು ಮುಖಗಳಲ್ಲಿ ಅವಳು ವೈಜನಾಥನ ಮುಖ ಹುಡುಕಿದಳು. ಅವನು ನೋಟ್‌ಬುಕ್ ನೋಡ್ತಿದ್ದ. ಅದರಲ್ಲಿ ಒಂದಕ್ಷರ ಬರೆದಿರಲಿಲ್ಲ.

ಕ್ಲಾಸು ಮುಗಿದ ಮೇಲೆ ಸಾಹೇಬರು ಬೆನ್ನು ತಟ್ಟಿದ್ರು. ಆ ಜಾಗ ದಿನವಿಡೀ ಉರೀತು. ಮೆಸ್ಸಿನಲ್ಲಿ ಚಪಾತಿ ಹಂಗೇ ಉಳೀತು.

ಮರುದಿನ ಬೆಳಿಗ್ಗೆ ಬಿಳಿ ಕೋಟು ರೂಮಿನಲ್ಲೇ ಬಿಟ್ಟು, ಒಬ್ಬನೇ ವಾರ್ಡಿಗೆ ಹೊರಟ. "ಅವ್ವಾ, ನಾ ಸುಳ್ಳು ಹೇಳೀನಿ." ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡ.

ಈರಮ್ಮ ಮಂಚದ ಮೇಲೆ ಕೂತು ತಲೆ ಬಾಚ್ಕೋತಿದ್ದಳು. ಅವನನ್ನ ನೋಡಿದಳು. ಅವನ ಬೆನ್ನ ಹಿಂದೆ ಆ ಹುಡುಗರೂ ಬಂದಿದ್ದಾರೇನೋ ಅಂತ ಬಾಗಿಲ ಕಡೆಗೂ ಒಮ್ಮೆ ನೋಡಿದಳು. ಬಾಚಣಿಗೆ ಪಕ್ಕಕ್ಕಿಟ್ಟು, ಮುಖವನ್ನ ಗೋಡೆ ಕಡೆ ತಿರುಗಿಸಿ, ಕುಪ್ಪಸದ ಗಂಟು ಬಿಚ್ಚತೊಡಗಿದಳು.