ಏರಿ ಅಂದರೆ

ಮೂರು ವರ್ಷ ಮೂಟೆ ಹೊತ್ತು ನಂಜುಂಡನ ಬೆನ್ನು ಜಡ್ಡುಗಟ್ಟಿತ್ತು. ಹಗಲೆಲ್ಲ ಪುರಸೈವಾಕ್ಕಂನ ಸೋಮಲಿಂಗಪ್ಪನವರ ಜವಳಿ ಅಂಗಡಿಯಲ್ಲಿ ಹೊರುವುದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಡತಿ ಸೀತಾಳೊಡನೆ ಬಿದ್ದುಕೊಳ್ಳುವುದು. ನಂಜನಗೂಡು ಬಿಟ್ಟು ಮದರಾಸಿಗೆ ಬಂದು ಅವನು ಕಂಡ ಭಾಗ್ಯ ಅಷ್ಟೇ. ಕನ್ನಡದ ಅಂಗಡಿ, ಕನ್ನಡದ ಧಣಿ. ತಮಿಳು ಅವನ ನಾಲಿಗೆಗೆ ಹತ್ತಲೇ ಇಲ್ಲ.

ಆ ಬೇಸಿಗೆ ಧಣಿಗೆ ಆ ಕೋಣೆಯೂ ಬೇಕಾಯಿತು.

"ಮೂಟೆ ಇಡಕ್ಕೆ ಜಾಗ ಸಾಲ್ದು ಕಣೋ. ನಿಂಗೆ ಊರಾಚೆ ಏರೀಲಿ ಜಾಗ ಕೊಡಿಸ್ತೀನಿ. ನಿಂದೇ ಗುಡಿಸ್ಲು, ನಿಂದೇ ಅಂಗಳ."

"ಏರಿ ಮ್ಯಾಲಾ ಬುದ್ದಿ?" ನಂಜುಂಡನ ಮುಖ ಅರಳಿತು. ಅವನೂರಲ್ಲಿ ಏರಿಯೆಂದರೆ ಕೆರೆಯ ಕಟ್ಟೆ. ಎತ್ತರ. ಕೆರೆ ತುಂಬಿದರೂ ಕಾಲು ನೆನೆಯದ ಜಾಗ.

ಧಣಿ ನಕ್ಕರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೋಣೆ ಬಿಟ್ಟು ಏರಿಯ ಜಾಗ ಒಪ್ಪಿಕೊಂಡೆನೆಂಬ ಕಾಗದ ಮುಂದಿಟ್ಟರು. ನಂಜುಂಡ ಹೆಬ್ಬೆಟ್ಟೊತ್ತಿದ.

ಹೋಗಿ ನೋಡಿದರೆ ಬಿರುಕುಬಿಟ್ಟ ಬಯಲು, ಜಾಲಿ ಮುಳ್ಳು. ಮಳೆ ಮೋರೆ ತೋರಿಸಿ ನಾಲ್ಕು ವರ್ಷವಾಗಿತ್ತು; ನಂಜುಂಡ ಇಲ್ಲಿನ ಮಳೆಗಾಲ ಕಂಡೇ ಇರಲಿಲ್ಲ.

"ಏರಿ ಅಂದ್ರು, ಎತ್ರವೇ ಕಾಣಕಿಲ್ವಲ್ಲ?" ಎಂದಳು ಸೀತಾ.

"ಆಷಾಢ ಕಳೀಲಿ, ನೋಡವ."

ಅವನೂರಿನ ಕಪಿಲೆ ಹೊಳೆ ಉಕ್ಕುತ್ತಿದ್ದುದು ಆಷಾಢದಲ್ಲಿ. ಇಲ್ಲಿ ಆಷಾಢ ಒಣಗಿತು, ಶ್ರಾವಣವೂ ಒಣಗಿತು. ಇನ್ನೇನು ಭಯವೆಂದು ಗರಿಯ ಗುಡಿಸಲಿಗೆ ಮಣ್ಣಿನ ಗೋಡೆ ಎಬ್ಬಿಸಿದ. ಪಾಪ, ಮದರಾಸಿನ ಮಳೆಗೆ ಕಪಿಲೆಯ ಪಂಚಾಂಗ ಎಲ್ಲಿ ಗೊತ್ತು! ಅದು ಬರುವುದೇ ದೀಪಾವಳಿ ಹೊತ್ತಿಗೆ, ಮೂಡಣ ಕಡಲಿನಿಂದ.

ಬಂತು. ಮೂರು ದಿನ ಹೊಯ್ದು ನಾಲ್ಕನೆಯ ಬೆಳಿಗ್ಗೆ ಹೊಳವಾಯಿತು. ಸೀತಾ ಬಟ್ಟೆ ಒಣಹಾಕಿದಳು. ಆ ಬಿಸಿಲಲ್ಲೇ ನೀರು ನುಗ್ಗಿತು. ಪಡುವಣದ ಮೇಲಿನ ಕೆರೆಗಳೆಲ್ಲ ತುಂಬಿ, ಒಂದರ ಕೋಡಿ ಇನ್ನೊಂದಕ್ಕೆ ಬಿದ್ದು, ಕಡಲಿನತ್ತ ಹೊರಟಿದ್ದವು. ಆಡು, ಅಕ್ಕಿ, ಗೋಡೆ, ಎಲ್ಲ ಹೋಯಿತು.

ಏರಿಗೆ ನೀರು ಹೆಂಗೆ ಬಂತೆಂದು ನಂಜುಂಡ ಕೇಳಿದ್ದಕ್ಕೆ, ಸೊಂಟದುದ್ದ ನೀರಲ್ಲಿ ಪಕ್ಕದ ಗುಡಿಸಲಿನ ತಿರುಮಲ ತನ್ನ ಅರೆಗನ್ನಡದಲ್ಲಿ ಕಿರುಚಿದ: "ಅಯ್ಯೋ, ತಮಿಳಲ್ಲಿ ಏರಿ ಅಂದ್ರೆ ಕೆರೆಯಪ್ಪಾ! ಕೆರೆ ಹೊಟ್ಟೇಲಿ ಮನೆ ಕಟ್ಟಿದೀವಿ ನಾವು!"

ಸರ್ಕಾರದ ನೆರೆ ಪರಿಹಾರದ ಗುಮಾಸ್ತನೂ ಅದನ್ನೇ ಹೇಳಿದ. ಕೆರೆಯೊಳಗೆ ಕೂತವರಿಗೆ ಅಕ್ಕಿ ಇಲ್ಲ.

ಮರುದಿನ ಮಧ್ಯಾಹ್ನ ಗಂಡ ಹೆಂಡತಿ ಅಂಗಡಿ ಮುಂದೆ ನಿಂತರು.

"ಎಲ್ಡು ದಿನ ಹಿಂದ್ಲ ಕೋಣೇಲಿ ಇರ್ತೀವಿ ಬುದ್ದಿ."

"ಅಲ್ಲಿ ಮೂಟೆ ಅವೆಯಲ್ಲೋ."

"ಏರಿ ಅಂದಿದ್ರಲ್ಲ ಬುದ್ದಿ..."

ಧಣಿ ಕಾಗದ ಬಿಡಿಸಿದರು. "ನೋಡು, ಏರಿ ಅಂತ್ಲೇ ಅದೆ. ನಾನು ಸುಳ್ಳು ಹೇಳಿದ್ನಾ?"

"ಇಲ್ಲ ಬುದ್ದಿ," ಎಂದಳು ಸೀತಾ, ಬೀದಿಗೆಲ್ಲ ಕೇಳುವಂತೆ. "ಸುಳ್ ಯಾಕೆ ಬೇಕು? ನಮ್ ಮಾತಲ್ಲೇ ನಮ್ಮನ್ನ ಮುಳುಗ್ಸಿದ್ರಿ."

ಬೀದಿಯವರು ಒಂದು ಗಳಿಗೆ ನಿಂತು ನೋಡಿ ನಡೆದರು. ಅಷ್ಟರಲ್ಲಿ ಮೂಟೆಗಾಡಿ ಬಂತು. ಮತ್ತೆ ಹನಿಯತೊಡಗಿತು.

"ನೆನೀತದೆ, ನೆನೀತದೆ!" ಧಣಿ ಕೂಗಿದರು.

ಬಡವನ ಕೋಪ ದವಡೆಗೆ ಮೂಲ ಅಂತಾರೆ. ನಂಜುಂಡನಿಗೆ ಕೋಪವೂ ಬರಲಿಲ್ಲ. ಹಾಳು ಬೆನ್ನು ತಾನಾಗಿ ಬಾಗಿತು. ಮೂಟೆ ಹೊತ್ತು ಹಿಂದಿನ ಕೋಣೆಗೆ ಹೋಗಿ, ತಾವು ಮಲಗುತ್ತಿದ್ದ ಒಣನೆಲದ ಮೇಲೆ ಇಳಿಸಿದ. ಸೀತಾ ಹೊರಗೆ ಮಳೆಯಲ್ಲಿ ನಿಂತೇ ಇದ್ದಳು.