ಗಾಜಿನೊಳಗಿನ ಬೀಸೋಕಲ್ಲು

ಮಿಲ್ಲಿನಲ್ಲಿ ಬೀಸಿಸಿದ ಹುರಿಹಿಟ್ಟಿಗೆ ಮೆಣಸಿನಪುಡಿಯ ಘಾಟು ಹತ್ತಿತ್ತು. ನಿಟ್ಟೂರಿನ ಲಕ್ಷ್ಮೀದೇವಮ್ಮನ ಹತ್ತಿರ ಹಿಟ್ಟು ಕೊಂಡವರು ಒಬ್ಬೊಬ್ಬರಾಗಿ ಪೊಟ್ಟಣ ವಾಪಸ್ ತಂದರು. ಬಾಣಂತಿ ಮಗಳಿಗೆಂದು ಒಯ್ದಿದ್ದ ಪಕ್ಕದ ಬೀದಿಯವಳಂತೂ ಬಾಗಿಲಲ್ಲೇ ನಿಂತು, "ಏನಕ್ಕಾ, ಹುರಿಟ್ಟು ಕೊಟ್ಟಿದ್ದೀಯೋ ಸಾರಿನ್‌ಪುಡಿ ಕೊಟ್ಟಿದ್ದೀಯೋ?" ಎಂದಳು.

ಲಕ್ಷ್ಮೀದೇವಮ್ಮನಿಗೆ ಮೊದಲು ನಗು ಬಂತು. ಆಮೇಲೆ ಕಣ್ಣು ತುಂಬಿತು. ಗಂಡ ಹೋದ ಮೇಲೆ ಆಕೆಗೆ ಅನ್ನ ಕೊಟ್ಟದ್ದು ಒಂದು ಬೀಸೋಕಲ್ಲು. ರಾಗಿ ಹುರಿದು, ಅದರಲ್ಲೇ ಬೀಸಿ ಮಾರುತ್ತಿದ್ದಳು. ಈಗ ಆ ಕಲ್ಲಿದ್ದ ಜಾಗದಲ್ಲಿ ದುಂಡನೆಯ ಕಲೆ ಮಾತ್ರ ಉಳಿದಿತ್ತು.

ಕಲ್ಲು ಒಯ್ದವನು ತುಮಕೂರಿನ ದೊಡ್ಡ ಖಾಸಗಿ ಶಾಲೆಯೊಂದರ ಮ್ಯಾನೇಜರ್ ಗುರುಪ್ರಕಾಶ್. ಶಾಲೆಯಲ್ಲಿ ಪರಂಪರೆ ಗ್ಯಾಲರಿ ಮಾಡುತ್ತಿದ್ದರು. ಕಾರಿನಲ್ಲಿ ಊರೂರು ಸುತ್ತಿ ಹಳೇ ಸಾಮಾನು ಕೇಳುತ್ತಿದ್ದ.

"ಮಕ್ಕಳು ನೋಡ್ಲಿ ಅಮ್ಮಾ. ಒಂದು ವಾರ ಅಷ್ಟೇ. ನಾನೇ ತಂದ್ಕೊಡ್ತೀನಿ" ಎಂದಿದ್ದ.

ಮಕ್ಕಳು ಅಂದದ್ದಕ್ಕೆ ಆಕೆ ಕರಗಿಬಿಟ್ಟಳು. ಕಲ್ಲು ತೊಳೆದು, ಕುಂಕುಮವಿಟ್ಟು ಕಾರಿಗೆ ಹತ್ತಿಸಿದಳು. ವಾರ ಕಳೆದು ತಿಂಗಳೂ ಕಳೆಯಿತು. ಗುರುಪ್ರಕಾಶ್ ಫೋನ್ ಎತ್ತುವುದನ್ನೇ ನಿಲ್ಲಿಸಿದ.

ಆಕೆಯ ಸೊಸೆ ಸಂಧ್ಯಾ ವಸಂತನರಸಾಪುರದ ಗಾಜಿನ ಶೆಡ್ಡಿನಲ್ಲಿ ದುಡಿಯುತ್ತಿದ್ದಳು. ಮ್ಯೂಸಿಯಂ, ಶಾಲೆ, ಮಠಗಳಿಗೆ ಅವರವರ ಅಳತೆಗೆ ಗಾಜಿನ ಕಪಾಟು ಮಾಡುವ ಶೆಡ್ಡು ಅದು. ಅಂಚು ನಯಮಾಡುವುದು, ಜಾಗಕ್ಕೆ ಹೋಗಿ ಜೋಡಿಸುವುದು ಅವಳ ಕೆಲಸ. ಆ ಶಾಲೆಯ ಕಪಾಟುಗಳೂ ಅವಳ ಕೈಯಲ್ಲೇ ಹಾದುಹೋಗಿದ್ದವು. ಆಗ ಅವು ಖಾಲಿಯಿದ್ದವು.

ಉದ್ಘಾಟನೆಯ ದಿನ ಬೆಳಿಗ್ಗೆ ಗಾಜು ಒರೆಸಿ, ಕಾರ್ಯಕ್ರಮ ಮುಗಿಯುವವರೆಗೂ ಅಲ್ಲೇ ಇರಲು ಅವಳನ್ನೂ ಜೊತೆಗಾರ ಗಂಗಾಧರನನ್ನೂ ಕಳಿಸಿದರು. ಬಟ್ಟೆ ಹಿಡಿದು ಒಂದೊಂದೇ ಕಪಾಟು ಒರೆಸುತ್ತ ಬಂದವಳು ಒಂದರ ಮುಂದೆ ನಿಂತುಬಿಟ್ಟಳು. ಒಳಗೆ ಅತ್ತೆಯ ಬೀಸೋಕಲ್ಲು. ಮೇಲೆ ಹಳದಿ ದೀಪ. ಕೆಳಗೆ ಚೀಟಿ: 'ಬೀಸುವ ಕಲ್ಲು. ಈಗ ಬಳಕೆಯಲ್ಲಿಲ್ಲ. ಕೊಡುಗೆ: ಅಧ್ಯಕ್ಷರ ಮನೆತನ.'

"ಸಾರ್, ಇದು ನಮ್ಮತ್ತೇದು" ಎಂದಳು ಗುರುಪ್ರಕಾಶನಿಗೆ.

"ಇರ್ಬಹುದಮ್ಮಾ. ಈಗ ಪರಂಪರೆಗೆ ಸೇರ್ಬಿಟ್ಟಿದೆ. ಬೇಕಾದ್ರೆ ಪಕ್ಕದಲ್ಲಿ ನಿಂತು ಸೆಲ್ಫಿ ತಗೋ."

ಸಂಧ್ಯಾ ಹೊರಗೆ ಬಂದು ಅತ್ತೆಗೆ ಫೋನ್ ಮಾಡಿದಳು.

ಮಧ್ಯಾಹ್ನ ಕಾರ್ಯಕ್ರಮ ಶುರುವಾಯಿತು. ಗ್ರಾಮೀಣ ಕಳೆ ಇರಲೆಂದು ಶಾಲೆಯವರೇ ಹಳ್ಳಿಗಳಿಂದ ಜನರನ್ನು ಬಸ್ಸಿನಲ್ಲಿ ಕರೆಸಿ, ಪೇಟ ಸುತ್ತಿ ಹಿಂದಿನ ಕುರ್ಚಿಗಳಲ್ಲಿ ಕೂರಿಸಿದ್ದರು. ಟೇಪು ಕತ್ತರಿಸಿ ಶಾಲೆಯ ಅಧ್ಯಕ್ಷರು ಮಕ್ಕಳೊಡನೆ ಗ್ಯಾಲರಿಗೆ ಬಂದರು. ಜನರೂ ಹಿಂದೆಯೇ ಬಂದರು. ಆ ಗುಂಪಿನಲ್ಲೇ ಲಕ್ಷ್ಮೀದೇವಮ್ಮ ಊರಿನ ಮಹಿಳಾ ಸಂಘದ ನಾಲ್ಕು ಹೆಂಗಸರ ಜೊತೆ ನುಗ್ಗಿದಳು. ಅವರನ್ನೂ ಬಸ್ಸಿನವರೆಂದುಕೊಂಡು ವಾಚ್‌ಮನ್ ತಡೆಯಲಿಲ್ಲ.

"ಮಕ್ಕಳೇ, ಇದು ಹಿಂದಿನ ಕಾಲದ್ದು. ಈಗ ಯಾರೂ ಬಳಸಲ್ಲ" ಎಂದು ಅಧ್ಯಕ್ಷರು ಕಲ್ಲು ತೋರಿಸಿದರು.

"ಯಾರಪ್ಪ ಹೇಳಿದ್ದು?" ಲಕ್ಷ್ಮೀದೇವಮ್ಮ ಮುಂದೆ ಬಂದಳು. "ನೀವು ಎತ್ಕಂಡು ಬರೋತಂಕ ನಾನು ಅದ್ರಲ್ಲೇ ಬೀಸ್ತಿದ್ದೆ. ಕಲ್ಲು ಇಲ್ಲಿ ಕುಂತೈತೆ, ನನ್ ಯಾಪಾರ ಮನೇಲಿ ಮಲಗೈತೆ. ಕೊಡಿ ಸ್ವಾಮಿ, ಓಯ್ತೀನಿ."

ಮಕ್ಕಳು ಕಿಸಕ್ಕನೆ ನಕ್ಕರು. ಅಧ್ಯಕ್ಷರೂ ನಕ್ಕರು, ಸ್ವಲ್ಪ ತಡವಾಗಿ. "ಕೋಪ ಯಾಕಮ್ಮಾ? ದಿನಾ ಇಲ್ಲೇ ಬಂದು ಕೂತು ಬೀಸಿ. ಮಕ್ಕಳು ನೋಡ್ತಾರೆ. ಒಳ್ಳೇ ಸೀರೆ ಕೊಡಿಸೋಣ."

"ನನ್ನೂ ಗಾಜಿನೊಳಗೆ ಇಕ್ತೀರಾ? ಕೊಡುಗೆ ಅಂತ ಯಾರ ಎಸ್ರು ಬರೀತೀರಿ?"

ಈ ಸಲ ಅಧ್ಯಕ್ಷರು ನಗಲಿಲ್ಲ. ಗುರುಪ್ರಕಾಶ್ ಕಪಾಟಿಗೆ ಅಡ್ಡ ನಿಂತ. "ಬೀಗದ ಕೈ ಇಲ್ಲ. ನಾಳೆ ಬನ್ನಿ."

"ಕೈ ಬೇಕಿಲ್ಲ ಸಾರ್" ಎಂದಳು ಸಂಧ್ಯಾ. ಚೀಲದಿಂದ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆಗಳನ್ನು ತೆಗೆದಳು. "ಪಕ್ಕದ ಗಾಜು ಬಿಚ್ಚಿದ್ರೆ ಆಯ್ತು."

"ಏಯ್! ನಿಮ್ ಓನರ್‌ಗೆ ಫೋನ್ ಮಾಡ್ತೀನಿ. ನಾಳೆಯಿಂದ ನಿನ್ಗೆ ಕೆಲಸ ಇರಲ್ಲ."

ಸಂಬಳ ನಿಂತರೆ ಮನೆ ಏನಾಗುತ್ತದೆಂದು ಸಂಧ್ಯಾಳಿಗೆ ಗೊತ್ತಿತ್ತು. ಒಬ್ಬಳೇ ಎತ್ತುವ ಗಾಜೂ ಅದಲ್ಲ. ಆದರೂ ಹಿಡಿಕೆ ಒತ್ತಿ ಕೂರಿಸಿ, ತಿರುಗಿ ನೋಡಿದಳು. ಗೋಡೆಗೊರಗಿ ನಿಂತಿದ್ದ ಗಂಗಾಧರ ಒಮ್ಮೆ ಗುರುಪ್ರಕಾಶನನ್ನು ನೋಡಿದ, ಒಮ್ಮೆ ಮುದುಕಿಯನ್ನು ನೋಡಿದ. ಒರೆಸುವ ಬಟ್ಟೆಯನ್ನು ಹೆಗಲಿಗೆಸೆದುಕೊಂಡು ಬಂದು ಇನ್ನೊಂದು ತುದಿ ಹಿಡಿದ.

"ಮಕ್ಳಾ, ಒಸಿ ಹಿಂದಕ್ಕೋಗಿ" ಎಂದ.

ಗಾಜು ಸದ್ದಿಲ್ಲದೆ ಹೊರಬಂತು. ಹೆಂಗಸರು ಕಲ್ಲನ್ನು ಇಳಿಸಿದರು. ಲಕ್ಷ್ಮೀದೇವಮ್ಮ ಸೆರಗಿನಿಂದ ಅದರ ಮೈ ಒರೆಸಿದಳು. ಒಬ್ಬ ಹುಡುಗಿ ಕೇಳಿದಳು, "ಅಜ್ಜಿ, ನಾನೊಂದ್ಸಲ ತಿರುಗಿಸ್ಲಾ?"

"ತಿರುಗ್ಸು ಮಗಾ. ಕೈಗೆ ಸಿಕ್ಕಿದ್ರೆ ತಾನೆ ಗೊತ್ತಾಗೋದು."

ಗುರುಪ್ರಕಾಶನ ಫೋನಿನ ಆ ಕಡೆಯಿಂದ ಶೆಡ್ಡಿನ ಓನರ್ ಕೂಗಾಡುವುದು ಎಲ್ಲರಿಗೂ ಕೇಳುತ್ತಿತ್ತು. ಅಷ್ಟರಲ್ಲಿ ಪೇಟ ಸುತ್ತಿದ್ದ ಒಬ್ಬ ಮುದುಕ ಜನರನ್ನು ಸರಿಸಿಕೊಂಡು ಮುಂದೆ ಬಂದ. ಪೇಟ ತೆಗೆದು ಅಧ್ಯಕ್ಷರ ಕೈಗಿಟ್ಟು, ಸಂಧ್ಯಾಳ ಕಡೆ ತಿರುಗಿದ.

"ನಾನು ಹುಲಿಯೂರುದುರ್ಗದ ವೆಂಕಟರಂಗಯ್ಯ ಕಣವ್ವ. ಆ ಮೂಲೆ ಪೆಟ್ಟಿಗೇಲಿ ನನ್ ಹಾರ್ಮೋನಿಯಂ ಐತೆ. ಒಂದು ವಾರ ಅಂದಿದ್ರು. ಊರಲ್ಲಿ ನಾಟಕ ಇಟ್ಕಂಡವ್ರೆ. ಅದ್ನೂ ಬಿಚ್ತೀಯಾ?"

ಅವನ ಹಿಂದೆ ಇನ್ನೂ ಮೂವರು ಪೇಟ ಬಿಚ್ಚುತ್ತಿದ್ದರು.

ಸಂಧ್ಯಾ ಹಿಡಿಕೆಗಳನ್ನು ಎತ್ತಿಕೊಂಡಳು. "ಬಾ ಗಂಗಾಧರಣ್ಣ, ಆ ತುದಿ ಹಿಡ್ಕೋ" ಎಂದಳು.