ಬೀಗರ ಗುಂಡಿ

ನಾನೊಂದು ಮೀಟರು. ವಿದ್ಯುತ್ತನ್ನಾಗಲಿ ನೀರನ್ನಾಗಲಿ ಅಳೆಯುವ ಜಾತಿಯಲ್ಲ. ನಾನು ಅಳೆಯುವುದು ಮನುಷ್ಯರ ನೋಟವನ್ನು. ಒಂದು ಮನೆಯಲ್ಲಿ ಯಾರು, ಯಾವ ವಾಹಿನಿಯನ್ನು, ಎಷ್ಟು ಹೊತ್ತು ನೋಡಿದರೆಂಬುದನ್ನು ದೂರದ ಕಚೇರಿಗೆ ತಿಳಿಸುವುದೇ ನನ್ನ ಕಸುಬು. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಹುಟ್ಟಿದೆ. ಅಲ್ಲಿ ನನಗೆ ಕಲಿಸಿದ ಪಾಠ ಒಂದೇ: ಕೂಡಿಸಬೇಡ, ಕಳೆಯಬೇಡ, ನೋಡುವವರು ಯಾವ ಗುಂಡಿ ಒತ್ತಿದರೋ ಅದನ್ನೇ ಹೇಳು. ಅದೇ ಸತ್ಯವಂತಿಕೆಯೆಂದು ನಂಬಿದ್ದೆ.

ಮೊದಲ ಮನೆ ಹಾವೇರಿಯ ವಕೀಲರೊಬ್ಬರದು. ಅವರು ಊರಿಗೆ ಹೊರಟಾಗ ಕಳ್ಳರ ಭಯಕ್ಕೆ ಟಿವಿಯನ್ನು ಹಚ್ಚಿಟ್ಟೇ, ಒತ್ತಿದ ಗುಂಡಿಯನ್ನೂ ಹಾಗೇ ಬಿಟ್ಟು ಬೀಗ ಹಾಕುತ್ತಿದ್ದರು. ಖಾಲಿ ಕುರ್ಚಿಗಳು ರಾಜಕೀಯ ಚರ್ಚೆಯನ್ನು ತದೇಕಚಿತ್ತದಿಂದ ನೋಡಿದವೆಂದು ನಾನು ವರದಿ ಮಾಡಿದೆ. ನನಗೆ ಆಗ ನಾಚಿಕೆಯಾಗಲಿಲ್ಲ. ನಾಚಿಕೆಯೆಂಬುದನ್ನು ಕಲಿತದ್ದು ಎರಡನೆಯ ಮನೆಯಲ್ಲಿ.

ಅದು ರಾಣೆಬೆನ್ನೂರಿನ ಶಕುಂತಲಾ ಅವರ ಮನೆ. ಗಂಡನಿಗೆ ಟೈರಿನ ಅಂಗಡಿ. ಮಗಳು ಸೌಜನ್ಯಾ ಹೈಸ್ಕೂಲು ಓದುವವಳು. ಶಕುಂತಲಾ ಅವರ ತಾಯಿ ಬಸಲಿಂಗವ್ವ, ಗಂಡ ತೀರಿಕೊಂಡ ಮೇಲೆ, ಗಂಡುಮಕ್ಕಳಿಲ್ಲದ್ದರಿಂದ ಅಲ್ಲಿಗೆ ಬಂದಿದ್ದರು. ನನ್ನನ್ನು ಟಿವಿಯ ಕೆಳಗೆ ಕೂರಿಸಿದ ಕಚೇರಿಯ ಹುಡುಗ ಇರ್ಫಾನ್ ಎಲ್ಲರನ್ನೂ ಕರೆದು ಪುಟ್ಟ ರಿಮೋಟನ್ನು ತೋರಿಸಿದ.

"ಒಂದನೇದು ಸಾವಕಾರ್ರದು, ಎರಡು ನಿಮ್ದು ಅಕ್ಕಾರ, ಮೂರು ಮಗಳದು, ನಾಕು ಅಜ್ಜೀದು. ನೋಡಾಕ ಕುಂತಾಗ ನಿಮ್ಮ ನಿಮ್ಮ ಗುಂಡಿ ಒತ್ರಿ. ಬೀಗರು ಬಿಜ್ಜರು ಬಂದ್ರ ಈ ಕಡೇದು."

ಬಸಲಿಂಗವ್ವ ಗೋಡೆಗೊರಗಿ ಹೂಬತ್ತಿ ಹೊಸೆಯುತ್ತ ಕೇಳಿಸಿಕೊಂಡರು.

ಹೆಣ್ಣು ಕೊಟ್ಟ ಮನೆಯಲ್ಲಿ ತಾಯಿಯಾದವಳು ಬಂದು ಹೋಗುವವಳೇ ಹೊರತು ಮನೆಯವಳಲ್ಲ ಎಂಬ ರೂಢಿಯಲ್ಲಿ ಬೆಳೆದ ಜೀವ ಅದು. ಮಗಳು ಕಪಾಟಿನಲ್ಲಿ ಜಾಗ ಮಾಡಿಕೊಟ್ಟರೂ ಸೀರೆಗಳು ಚೀಲದಲ್ಲೇ ಇರುತ್ತಿದ್ದವು. ಎಲ್ಲರೂ ಉಂಡೆದ್ದ ಮೇಲೆ ಅವರ ಊಟ. ಅವರು ತಮ್ಮದೆಂದು ಕೇಳುತ್ತಿದ್ದುದು ಸಂಜೆಯ ಅರ್ಧ ಗಂಟೆಯನ್ನು ಮಾತ್ರ. ಆಗ 'ಹೊಂಬೆಳಗು' ವಾಹಿನಿಯಲ್ಲಿ ಬೀಸುವ ಪದಗಳ ಕಾರ್ಯಕ್ರಮ. ಊರೂರಿನ ಹೆಂಗಸರು ಫೋನಿನಲ್ಲಿ ಹಾಡುತ್ತಿದ್ದರು. ನಡೆಸಿಕೊಡುವ ಸುಲೋಚನಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಬಸಲಿಂಗವ್ವನೂ ಹೆಸರು ಕೊಟ್ಟಿದ್ದರು. ಅತ್ತೆಯಿಂದ ಕಲಿತ ಪದವೊಂದಿತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಅದನ್ನು ಯಾರೆದುರಿಗೂ ಹಾಡಿರಲಿಲ್ಲ. ಸಾಯುವುದರೊಳಗೆ ಒಮ್ಮೆ ನಾಲ್ಕು ಜನರ ಕಿವಿಗೆ ಬೀಳಲಿ ಎಂಬುದೇ ಆಸೆ. "ಸರದಿ ಬಂದಾಗ ಕರೀತೀವಿ ಅಜ್ಜಿ" ಎಂದಿದ್ದರು ವಾಹಿನಿಯವರು.

ಮೊದಲ ಸಂಜೆ ಅವರ ಬೆರಳು ಒತ್ತಿದ್ದು ಕಡೆಯ ಗುಂಡಿಯನ್ನು. ಟ್ಯೂಷನ್ನಿಗೆ ಹೊರಟಿದ್ದ ಸೌಜನ್ಯಾ ಅದನ್ನು ನೋಡಿದಳು.

"ಅಜ್ಜೀ, ಅದು ಬೀಗರ ಗುಂಡಿ. ನಿಂದು ನಾಕು."

"ನಾ ಮತ್ತ ಯಾರವ್ವಾ? ಹೆಣ್ಣು ಕೊಟ್ಟ ಮನ್ಯಾಗ ನಾಕನೇ ಪಾಲು ಕೇಳಾಕ ಬಂದೀನೇನು?"

"ಹಂಗಾರ ಬೀಗತ್ಯಾರ, ಚಾ ಕುಡದ ಹೋಗ್ರಿ" ಎಂದು ನಕ್ಕು ಹುಡುಗಿ ಓಡಿದಳು. ಅದು ಅವಳಿಗೆ ತಮಾಷೆಯಾಗಿತ್ತು, ತಾಯಿಗೆ ಹೇಳಬೇಕೆನಿಸಲಿಲ್ಲ. ಆ ಹೊತ್ತಿಗೆ ಶಕುಂತಲಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು.

ವರ್ಷಗಳು ಉರುಳಿದವು. ಪ್ರತಿ ಸಂಜೆ ನಾನು ಬರೆದದ್ದು ಒಂದೇ: ನೋಡಿದವರು, ಅತಿಥಿ. ರಾತ್ರಿ ಅದೇ ವಾಹಿನಿಯ ಸಿನಿಮಾ ಹಾಡುಗಳಿಗೆ ಸೌಜನ್ಯಾ ಮೂರನೆಯ ಗುಂಡಿಯೊತ್ತಿ ಕೂರುತ್ತಿದ್ದಳು. ಹೀಗಾಗಿ ನನ್ನ ವರದಿಯ ಪ್ರಕಾರ ಈ ಮನೆಯಲ್ಲಿ 'ಹೊಂಬೆಳಗು' ನೋಡುವವಳು ಹದಿಹರೆಯದ ಹುಡುಗಿಯೊಬ್ಬಳೇ. ಮುದುಕಿಯೆಂಬವಳು ಇಲ್ಲವೇ ಇಲ್ಲ. ನನ್ನಂಥ ಒಂದೊಂದು ಪೆಟ್ಟಿಗೆಯ ಮಾತನ್ನು ಸಾವಿರಾರು ಮನೆಗಳ ಮಾತೆಂದು ಹಿಡಿಯುತ್ತಾರೆ. ಎದುರಿಗೇ ಕುಳಿತವರನ್ನು ಇಲ್ಲವೆಂದು ಸಾರುವುದಕ್ಕಿಂತ ಹೆಚ್ಚಿನ ಪಾಪ ಯಾವುದು?

ಒಂದು ಸಂಜೆ ಸುಲೋಚನಮ್ಮ ಪರದೆಯ ಮೇಲೆ ಕೈಮುಗಿದರು. "ಇದು ಕೊನೆಯ ಸಂಚಿಕೆ. ನಮ್ಮನ್ನು ನೋಡುವ ಹಿರಿಯರು ಈಗ ತೀರ ಕಡಿಮೆಯಂತೆ, ಲೆಕ್ಕ ಹಾಗೆ ಹೇಳುತ್ತದೆ. ವಾಹಿನಿ ಇನ್ನು ಯುವಜನರದು."

"ಕಡಿಮಿ ಅಂತ? ನಾವೆಲ್ಲಿ ಹೋದಿವಿ?" ಎಂದರು ಬಸಲಿಂಗವ್ವ, ಟಿವಿಗೆ.

ಮರುವಾರ 'ಹೊಂಬೆಳಗು' 'ಕಿಡಿ'ಯಾಯಿತು. ಬೆಟ್ಟದ ಹಿಂದಿನಿಂದ ಏಳುತ್ತಿದ್ದ ಸೂರ್ಯನ ಜಾಗದಲ್ಲಿ ಓರೆಯಾದ ಹಸಿರು ಗೆರೆಯೊಂದು ಮಿಂಚಿತು. ಕುರ್ಚಿಗಳು ಮಾಯವಾದವು, ನಿರೂಪಕರು ನಿಂತೇ, ಓಡಾಡುತ್ತಲೇ ಮಾತಾಡಿದರು, ವಾಕ್ಯವನ್ನು ಕನ್ನಡದಲ್ಲಿ ಹಿಡಿದು ಇಂಗ್ಲಿಷಿನಲ್ಲಿ ಬಿಟ್ಟರು. ಬೀಸುವ ಪದಗಳ ವೇಳೆಗೆ ಬೈಕಿನ ಸಾಹಸ ಬಂತು. ಬದಲಾವಣೆ ತಪ್ಪೆಂದು ನಾನು ಹೇಳಲಾರೆ. ಎಳೆಯರಿಗೂ ಅವರ ಪಾಲು ಬೇಕು. ಆದರೆ ಮಗುವಿಗೆ ತೊಟ್ಟಿಲು ಕಟ್ಟಲು ಮುದುಕಿಯ ಮಂಚವನ್ನು ಮುರಿಯುವುದು ಯಾವ ನ್ಯಾಯ? ಆ ಕೊಡಲಿಗೆ ಕಾವಾದದ್ದು ನಾನು.

ಬಸಲಿಂಗವ್ವನನ್ನು ಯಾರೂ ಹಾಡಲು ಕರೆಯಲಿಲ್ಲ. ಸಂಜೆ ಅವರು ಗೋಡೆಯ ಕಡೆ ಮುಖಮಾಡಿ ಮಲಗತೊಡಗಿದರು.

ಅದೇ ತಿಂಗಳು ನನ್ನನ್ನು ತಪಾಸಣೆ ಮಾಡಲು ಬಂದ ಇರ್ಫಾನ್ ಶಕುಂತಲಾ ಅವರನ್ನು ಕೇಳಿದ: "ಅಕ್ಕಾರ, ಯಾವ ಬೀಗರು ರೀ ಅವರು? ಬಂದವರು ಹೋಗಾಕ ಒಲ್ಲೆ ಅಂತಾರೇನು? ದಿನಾ ಸಂಜಿಕ ಟಿವಿ ನೋಡ್ಯಾರಲ್ಲ."

"ನಮ್ಮ ಮನ್ಯಾಗ ಯಾವ ಬೀಗರಪಾ?"

ಸೌಜನ್ಯಾ ತಲೆ ತಗ್ಗಿಸಿದಳು. "ಅವ್ವಾ, ಅದು ಅಜ್ಜಿ. ನಾ ನಗಿಚ್ಯಾಟಕ್ಕ ಬಿಟ್ಟೆ."

"ಅಯ್ಯ, ಬೀಗರ ಗುಂಡಿ ಒತ್ತಿದ್ರ ಈ ಮನಿ ಅಜ್ಜಿ ಅಂತ ಲೆಕ್ಕಕ್ಕ ಬರಂಗಿಲ್ಲಲ್ರಿ" ಎಂದ ಇರ್ಫಾನ್. ನಗುತ್ತ ಬಂದಿದ್ದವನು ಮೆಲ್ಲನೆ ಚೀಲ ಎತ್ತಿಕೊಂಡು ಹೋದ.

ಶಕುಂತಲಾ ಹಿಟ್ಟಿನ ಕೈಯಲ್ಲೇ ತಾಯಿಯ ಮುಂದೆ ಕುಳಿತರು. "ಇಷ್ಟು ವರ್ಷ ನನ್ನ ಮನ್ಯಾಗ ಬೀಗತಿ ಆಗಿ ಉಂಡಿಯೇನಬೇ? ನಾ ಒಂದಿನಾನೂ ನಿನ್ನ ಬಾಜೂಕ ಕುಂತು ನೋಡಲಿಲ್ಲ."

"ನಿನ್ನ ತಪ್ಪು ಏನದ? ರೂಢಿ ಹಂಗ ಅದ."

"ರೂಢಿ ಮನಿಗೆ ಬೆಂಕಿ ಹತ್ತಲಿ. ಒತ್ತು ನಿನ್ನ ಗುಂಡಿ."

ಬಸಲಿಂಗವ್ವ ಬಹಳ ಹೊತ್ತು ರಿಮೋಟನ್ನು ನೋಡಿ, ನಾಲ್ಕನ್ನು ಒತ್ತಿದರು. ಶಕುಂತಲಾ ಎರಡನ್ನು ಒತ್ತಿದರು. ಪರದೆಯ ಮೇಲೆ ಬೈಕುಗಳು ಹಾರುತ್ತಿದ್ದವು. "ಫೋನಿನ್ಯಾಗ ಏನ್ ಹಾಡಾಕಿದ್ದಿ, ಅದನ್ನ ನನಗ ಹಾಡು" ಎಂದರು ಶಕುಂತಲಾ. ಒಡಕು ದನಿ ಮೆಲ್ಲಗೆ ಎದ್ದಿತು. ಇಬ್ಬರಲ್ಲಿ ಒಬ್ಬರೂ ಪರದೆಯತ್ತ ನೋಡಲಿಲ್ಲ. ಆದರೂ ನಾನು ಬರೆದೆ: ಇಬ್ಬರು ಹೆಂಗಸರು, ಅವರಲ್ಲೊಬ್ಬರು ವೃದ್ಧೆ, 'ಕಿಡಿ'ಯನ್ನು ನೋಡುತ್ತಿದ್ದಾರೆ. ಬೇರೆ ಮನೆಗಳಿಂದಲೂ ಎಂಥೆಂಥ ವರದಿಗಳು ಹೋದವೋ, ಕೆಲವು ವಾರಗಳಲ್ಲಿ ವಾಹಿನಿ ಹೆಮ್ಮೆಯಿಂದ ಸಾರಿತು: "ಅಜ್ಜಿಯರಿಗೂ ಕಿಡಿ ಹತ್ತಿದೆ."

ಈಗ ಹುಬ್ಬಳ್ಳಿಯ ಗೋದಾಮೊಂದರಲ್ಲಿ ನನ್ನಂಥ ಹಳೆಯ ಪೆಟ್ಟಿಗೆಗಳ ರಾಶಿಯಲ್ಲಿದ್ದೇನೆ. ಕರಗಿಸುವವರು ಬರುವ ತನಕ ಮಾಡಲು ಕೆಲಸವಿಲ್ಲ. ನಾನು ಸುಳ್ಳು ಹೇಳಲಿಲ್ಲ. ಆದರೆ ಆ ಸಮಾಧಾನ ನನ್ನನ್ನು ಕಾಪಾಡುವುದಿಲ್ಲ. ಆ ಸಂಜೆಯಲ್ಲಿ ನಾನು ಬರೆಯದೆ ಉಳಿದದ್ದೊಂದಿದೆ. ಹಾಡು ಎರಡನೆಯ ನುಡಿಗೆ ಬಂದಾಗ, ಟ್ಯೂಷನ್ನಿಗೆಂದು ಚಪ್ಪಲಿ ಮೆಟ್ಟಿದ್ದ ಸೌಜನ್ಯಾ ಹೊಸ್ತಿಲಲ್ಲೇ ನಿಂತಳು. ಯಾರನ್ನು ಒಲಿಸಲೆಂದು ಒಂದು ವಾಹಿನಿ ತನ್ನ ಹೆಸರು, ಬಣ್ಣ, ಭಾಷೆಯನ್ನೆಲ್ಲ ಬದಲಿಸಿಕೊಂಡಿತ್ತೋ, ಅದೇ ಹುಡುಗಿ ಒಳಗೆ ಬಂದು ಟಿವಿಯನ್ನು ಆರಿಸಿ, ಅಜ್ಜಿಯ ಕಾಲ ಬಳಿ ಕುಳಿತಳು.